ನಲವತ್ತು ನಿಮಿಷ ಹಡಗು ಹಿಡಿದದ್ದು

ಆಸ್ಪತ್ರೆ ಹಡಗು ಅಂದಕೂಡಲೇ ಎಲ್ಲರೂ ಕೇಳುವುದು ಒಳಗೆ ಎಷ್ಟು ಹಾಸಿಗೆ, ಎಷ್ಟು ಡಾಕ್ಟರು ಅಂತ. ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಕೇಳುತ್ತಾರೆ, ಊರಿಗೆ ಹೋದರೆ ಕುಮಟೆಯ ಮೀನುಪೇಟೆಯಲ್ಲೂ ಕೇಳುತ್ತಾರೆ. ಚುಕ್ಕಾಣಿ ಯಾರ ಕೈಯಲ್ಲಿತ್ತು ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ನಾನು ನೌಕಾಪಡೆಯಲ್ಲಿ ಹದಿನೈದು ವರ್ಷ ಇದ್ದೆ, ಅದರಲ್ಲಿ ಹೆಚ್ಚಿನ ಕಾಲ ಚುಕ್ಕಾಣಿಯ ಮುಂದೆ ನಿಂತೇ ಕಳೆದೆ. 2005ರ ಆಗಸ್ಟಿನಲ್ಲಿ ಒಂದು ರಾತ್ರಿ ನಮ್ಮ ಹಡಗೇ ಆಸ್ಪತ್ರೆಯಾಗಿತ್ತು. ಅದನ್ನು ಬರೆದಿಡಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು.

ನಮ್ಮದು ಸರ್ವೆ ಹಡಗು. ಸಮುದ್ರದ ಆಳ ಅಳೆದು ನಕ್ಷೆಗೆ ಅಂಕಿ ಕೊಡುವುದು ಅದರ ಕೆಲಸ. ಉದ್ದ ತೊಂಬತ್ತು ಮೀಟರಿಗೆ ತುಸು ಕಡಿಮೆ, ಎರಡು ಪ್ರೊಪೆಲ್ಲರ್, ಹಿಂದೆ ಒಂದು ಹೆಲಿಕಾಪ್ಟರ್ ನಿಲ್ಲುವ ಜಾಗ. ಯುದ್ಧನೌಕೆಗಳೆಲ್ಲ ಬೂದು ಬಣ್ಣ, ಸರ್ವೆ ಹಡಗು ಮಾತ್ರ ಬಿಳಿ, ಹೊಗೆಕೊಳವೆ ಹಳದಿ. ಮುಂಬೈ ಡಾಕ್‌ಯಾರ್ಡಿನಲ್ಲಿ ಬೂದು ಹಡಗುಗಳ ನಡುವೆ ನಾವು ನಿಂತರೆ ಕೊಕ್ಕರೆ ನಿಂತ ಹಾಗೆ ಕಾಣುತ್ತಿತ್ತು.

ಹಿಂದಿನ ಡಿಸೆಂಬರಿನಲ್ಲಿ ಸುನಾಮಿ ಬಂದಾಗ ನಮ್ಮಂಥದ್ದೇ ಎರಡು ಹಡಗುಗಳನ್ನು ಗಡಿಬಿಡಿಯಲ್ಲಿ ಆಸ್ಪತ್ರೆ ಮಾಡಿ ಕಳಿಸಿದ್ದರು. ನಿರೂಪಕ್ ಇಂಡೋನೇಷ್ಯಾಕ್ಕೆ ಹೋಯಿತು, ಜಮುನಾ ಶ್ರೀಲಂಕಾಕ್ಕೆ. ಅದರ ಮರುವರ್ಷ ನಮಗೂ ಅದೇ ಅಭ್ಯಾಸ ಮಾಡಲು ಹೇಳಿದರು. ಮಳೆಗಾಲದಲ್ಲಿ ಸರ್ವೆ ಕೆಲಸ ಇರುವುದಿಲ್ಲ, ಹಡಗು ಜೆಟ್ಟಿಯಲ್ಲೇ ಇರುತ್ತದೆ, ಹಾಗಾಗಿ ಆಗಸ್ಟ್ ಅನುಕೂಲವಾಯಿತು.

ಒಂದು ಹಗಲು ಒಂದು ರಾತ್ರಿಯಲ್ಲಿ ಮಂಚ, ಆಕ್ಸಿಜನ್ ಸಿಲಿಂಡರ್, ಎಕ್ಸ್‌ರೇ ಯಂತ್ರ, ಔಷಧದ ಪೆಟ್ಟಿಗೆ ಎಲ್ಲ ಹತ್ತಿದವು. ಹೆಲಿಕಾಪ್ಟರ್ ಇಳಿಸಿ ಅದರ ಹ್ಯಾಂಗರಿನಲ್ಲಿ ರೋಗಿಗಳನ್ನು ಮೊದಲು ನೋಡುವ ಜಾಗ ಮಾಡಿದೆವು. ನಕ್ಷೆ ಬರೆಯುವ ಕೋಣೆಯ ಉದ್ದ ಮೇಜುಗಳ ಮೇಲೆ ಬ್ಯಾಂಡೇಜು, ಹತ್ತಿ, ಸೂಜಿ ಬಂದವು. ಆಪರೇಷನ್ ಮೇಜು ಎಲ್ಲಿಡಬೇಕು ಅನ್ನುವುದರ ಮೇಲೆ ಅರ್ಧ ಗಂಟೆ ಚರ್ಚೆ ಆಯಿತು. ಬೆಳಕು, ಗಾಳಿ ಚೆನ್ನಾಗಿದೆ ಅಂತ ಡಾಕ್ಟರ್ ಸಾಹೇಬರು ಮೇಲಿನ ಕೋಣೆ ಕೇಳಿದರು. ನಮ್ಮ ಬಫರ್, ಅಂದರೆ ಡೆಕ್ ಕೆಲಸದವರಿಗೆಲ್ಲ ಹಿರಿಯ, ಒಪ್ಪಲಿಲ್ಲ. ಏರಿಳಿ ಹಲಗೆಯ ತುದಿಯಲ್ಲಿ ಕೂತವನು ಮೇಲೆ ಕೆಳಗೆ ಹಾರುತ್ತಾನೆ, ನಡುವೆ ಕೂತವನು ಕೂತಲ್ಲೇ ಇರುತ್ತಾನೆ. ಹಡಗೂ ಹಾಗೆಯೇ. ಮೂತಿಯಲ್ಲಿ, ಬಾಲದಲ್ಲಿ ಕುಣಿತ ಜಾಸ್ತಿ, ಎತ್ತರ ಹೋದಷ್ಟೂ ಓಲಾಟ ಜಾಸ್ತಿ. ಕೊನೆಗೆ ಮೇಜು ಹಡಗಿನ ನಡುಭಾಗಕ್ಕೆ, ಕೆಳಗಿನ ಅಂತಸ್ತಿಗೆ ಹೋಯಿತು. ಅದನ್ನು ಹಡಗಿನ ಉದ್ದಕ್ಕೆ ಸರಿಯಾಗಿ ಇಟ್ಟೆವು. ಅಡ್ಡಕ್ಕೆ ಇಟ್ಟರೆ ಪ್ರತಿ ಓಲಾಟಕ್ಕೂ ರೋಗಿಯ ತಲೆ ಒಮ್ಮೆ ಮೇಲೆ, ಕಾಲು ಒಮ್ಮೆ ಮೇಲೆ.

ಆಮೇಲೆ ಎಲ್ಲವನ್ನೂ ಕಟ್ಟುವ ಕೆಲಸ. ಮಂಚದ ಕಾಲು ಡೆಕ್ಕಿನ ಕೊಂಡಿಗೆ, ಸಿಲಿಂಡರು ಗೋಡೆಗೆ. ವೈದ್ಯಕೀಯ ವಿಭಾಗದಲ್ಲಿ ಬಾಗಲಕೋಟೆ ಕಡೆಯ ಹುಡುಗನೊಬ್ಬ ಇದ್ದ, ಹಡಗು ಹತ್ತಿದ್ದು ಅದೇ ಮೊದಲು. ಸಲೈನ್ ಬಾಟಲಿಯನ್ನು ಮೇಲಿನ ಕೊಕ್ಕೆಗೆ ನೇತುಹಾಕಿ ಬಿಟ್ಟಿದ್ದ. ಕೆಳಗೂ ಒಂದು ದಾರ ಕಟ್ಟು ತಮ್ಮಾ, ಇಲ್ಲದಿದ್ದರೆ ನಾಳೆ ಅದು ಗಂಟೆಯ ನಾಲಗೆ ಹಾಗೆ ಹೊಡೆದುಕೊಳ್ಳುತ್ತದೆ ಅಂದೆ. "ಹೌದೇನ್ರೀ ಅಣ್ಣಾರ? ಅಷ್ಟು ಅಲ್ಲಾಡತೈತೇನ್ರೀ?" ಅಂದು ಕಣ್ಣು ದೊಡ್ಡದು ಮಾಡಿದ.

ನೂಲ ಹುಣ್ಣಿಮೆಯ ಮಾರನೇ ದಿನ ಬೆಳಿಗ್ಗೆ ಹೊರಟೆವು. ಕೊಲಾಬಾ ತುದಿಯ ಪ್ರಾಂಗ್ಸ್ ದೀಪಸ್ತಂಭ ದಾಟಿದ ಮೇಲೆ ನೈರುತ್ಯದ ಉಬ್ಬು, ಅಂದರೆ ದೂರದಿಂದ ಉರುಳಿ ಬರುವ ಉದ್ದನೆಯ ಅಲೆ, ಹಡಗಿನ ಮೈಗೆ ತಾಗಿತು. ಗೊಂಬೆಗಳನ್ನು ಸ್ಟ್ರೆಚರಿನಲ್ಲಿ ಕಟ್ಟಿ ಎತ್ತುವ, ಇಳಿಸುವ ಅಭ್ಯಾಸ ಮಧ್ಯಾಹ್ನದವರೆಗೆ ನಡೆಯಿತು.

ಸಂಜೆ ಐದರ ಸುಮಾರಿಗೆ ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್‌ನಲ್ಲಿ ಒಂದು ದನಿ ಬಂತು. ಹಿಂದಿಯಲ್ಲಿ ಶುರು ಮಾಡಿ, ನಡುವೆ ತಡವರಿಸಿ, "ಕೈ ಹೋಯ್ತು, ಕೈ ಹೋಯ್ತು" ಅಂದ. ನನ್ನ ಮೈ ಜುಮ್ಮೆಂದಿತು. ಡ್ಯೂಟಿ ಅಧಿಕಾರಿಗೆ, ಸರ್, ಇದು ನಮ್ಮ ಭಾಷೆ ಅಂದೆ. ಚುಕ್ಕಾಣಿ ಬಿಡುವಂತಿಲ್ಲ. ಕ್ಯಾಪ್ಟನ್ನರೇ ಹ್ಯಾಂಡ್‌ಸೆಟ್ ತೆಗೆದು ನನ್ನ ಬಾಯಿಯ ಹತ್ತಿರ ಹಿಡಿದರು. ಮಲ್ಪೆ ಕಡೆಯ ಟ್ರಾಲ್ ಬೋಟು ಅದು, ರತ್ನಾಗಿರಿಯ ಆಚೆ ಮೀನು ಹುಡುಕುತ್ತಾ ಬಂದಿತ್ತು. ಬಲೆ ಎಳೆಯುವಾಗ ಒಬ್ಬ ಕಲಾಸಿಯ ಬಲಗೈ ತಂತಿಹಗ್ಗಕ್ಕೂ ವಿಂಚಿನ ಉರುಳೆಗೂ ನಡುವೆ ಸಿಕ್ಕಿತ್ತು. ಲುಂಗಿ ಹರಿದು ಕಟ್ಟಿದ್ದಾರೆ, ರಕ್ತ ನಿಲ್ಲುತ್ತಿಲ್ಲ. "ಹೆದರ್ಬೇಡ ಮಾರಾಯ, ಬತ್ತಾ ಇದ್ದೇವೆ. ಎಂತದೂ ಆಗುದಿಲ್ಲ" ಅಂದೆ. ಬೋಟು ನಡೆಸುವ ತಂಡೇಲ ಅಳುವ ದನಿಯಲ್ಲಿ "ಬೇಗ ಬನ್ನಿ ಅಣ್ಣ" ಅಂದ.

ನಮ್ಮ ಹೆಲಿಕಾಪ್ಟರ್ ದಡದಲ್ಲಿತ್ತು. ಮೋಡ ನೀರಿಗೆ ತಾಗುವಷ್ಟು ಕೆಳಗೆ ಬಂದಿತ್ತು, ಕತ್ತಲಾಗುತ್ತಿತ್ತು. ಹಡಗೇ ಹೋಗಬೇಕಾಯಿತು.

ಏಳು ಗಂಟೆಗೆ ಬೋಟು ಕಂಡಿತು. ಮರದ ಬೋಟು, ಹದಿನೈದು ಮೀಟರ್ ಇರಬಹುದು. ಅದನ್ನು ನಮ್ಮ ಉಕ್ಕಿನ ಮೈಗೆ ತಾಗಿಸಿಕೊಂಡರೆ ಎರಡು ತೆರೆಯಲ್ಲಿ ಪುಡಿ. ಹಾಗಾಗಿ ನಮ್ಮ ಚಿಕ್ಕ ದೋಣಿ ಇಳಿಸಿ, ಅದರಲ್ಲಿ ಅವನನ್ನು ತಂದು, ದೋಣಿಯ ಸಮೇತ ಮೇಲೆತ್ತಬೇಕು. ದೋಣಿ ಇಳಿಯುವ ಮಗ್ಗುಲಿಗೆ ಗಾಳಿ ತೆರೆ ತಾಗದ ಹಾಗೆ ಹಡಗು ಅಡ್ಡ ನಿಂತು ಮರೆ ಕೊಡಬೇಕು. ಹೇಳಲು ಎಷ್ಟು ಸುಲಭ!

ಮೊದಲ ಸಲ ಎರಡೂ ಎಂಜಿನ್ ನಿಲ್ಲಿಸಿದೆವು. ಚುಕ್ಕಾಣಿ ಕೆಲಸ ಮಾಡುವುದು ಅದರ ಮೇಲೆ ನೀರು ಹರಿಯುತ್ತಿದ್ದರೆ ಮಾತ್ರ. ವೇಗ ಸತ್ತ ಹಡಗು ತನ್ನಿಷ್ಟಕ್ಕೆ ತಿರುಗಿ ಅಲೆಗೆ ಪಕ್ಕೆ ಕೊಟ್ಟು ಮಲಗುತ್ತದೆ. ಮೂತಿ ಜಾರಲು ಶುರುವಾದಾಗ ನಾನು ಚುಕ್ಕಾಣಿಯನ್ನು ಪೂರ್ತಿ ತಿರುಗಿಸಿ ಹಾಗೆಯೇ ಹಿಡಿದೆ. ಅದು ನನ್ನ ತಪ್ಪು. ಅದು ತಿರುಗುವ ಹೊತ್ತಿಗೆ ಹಡಗಿನಲ್ಲಿ ವೇಗವೇ ಉಳಿದಿರಲಿಲ್ಲ, ಎಂಜಿನ್ನಿನಿಂದ ಒಂದು ದೂಡು ಬೇಕು ಅಂತ ಅರ್ಧ ನಿಮಿಷ ಮೊದಲೇ ಕೂಗಿ ಹೇಳಬೇಕಿತ್ತು. ಹಡಗು ಜೋರಾಗಿ ಓಲಾಡಿ ಮರೆ ಇದ್ದೂ ಇಲ್ಲದಂತಾಯಿತು. ಅರ್ಧ ಇಳಿದಿದ್ದ ದೋಣಿ ಹಡಗಿನ ಮೈಗೆ ಧಡ್ ಅಂತ ಬಡಿಯಿತು, ಒಳಗಿದ್ದವರು ಕೈಯಿಂದ ದೂಡಿ ಉಳಿಸಿಕೊಂಡರು. ಮತ್ತೆ ಮೇಲಕ್ಕೆ ಎತ್ತಿದೆವು.

ಎತ್ತರದ ಹಡಗಿಗೆ ಗಾಳಿಯೇ ದೊಡ್ಡ ವೈರಿ. ಅಮೆರಿಕದ ನೌಕಾಪಡೆಯ ಮರ್ಸಿ, ಕಂಫರ್ಟ್ ಎಂಬ ಎರಡು ಆಸ್ಪತ್ರೆ ಹಡಗುಗಳು ಮೊದಲು ಎಣ್ಣೆ ಸಾಗಿಸುವ ಟ್ಯಾಂಕರುಗಳಾಗಿದ್ದವು. 272 ಮೀಟರ್ ಉದ್ದ, 1000 ಹಾಸಿಗೆ, 12 ಆಪರೇಷನ್ ಕೋಣೆ, ಇಷ್ಟಿದ್ದೂ ಪ್ರೊಪೆಲ್ಲರ್ ಒಂದೇ. ಟ್ಯಾಂಕರಿನ ಡೆಕ್ಕಿನ ಮೇಲೆ ಅಂತಸ್ತಿನ ಮೇಲೆ ಅಂತಸ್ತು ಆಸ್ಪತ್ರೆ ಕಟ್ಟಿದ್ದಾರೆ. ಆ ಬಿಳಿ ಗೋಡೆ ಇಡೀ ಹಾಯಿಯ ಹಾಗೆ ಗಾಳಿ ಹಿಡಿಯುತ್ತದೆ. ಅಂಥದ್ದನ್ನು ಜೆಟ್ಟಿಗೆ ತರುವವರ ಬಗ್ಗೆ ನನಗೆ ಯಾವತ್ತೂ ಗೌರವ. ನಮ್ಮದು ಅದರ ಮೂರನೇ ಒಂದು ಪಾಲು ಉದ್ದ, ಎರಡು ಪ್ರೊಪೆಲ್ಲರ್ ಬೇರೆ. ಆದರೂ ಆ ಸಂಜೆ ಬೆವರಿಳಿಯಿತು.

ಎರಡನೇ ಸಲ ಕ್ಯಾಪ್ಟನ್ನರು ಹಡಗನ್ನು ನಿಲ್ಲಿಸಲೇ ಇಲ್ಲ. ಗಾಳಿಯನ್ನು ಬಲಗೆನ್ನೆಗೆ, ಅಂದರೆ ಮೂತಿಯ ಬಲಬದಿಗೆ, ಇಟ್ಟುಕೊಂಡು ಎರಡು ನಾಟ್ ವೇಗದಲ್ಲಿ ತೆವಳಿಸಿದರು. ದೋಣಿ ಎಡಮಗ್ಗುಲಲ್ಲಿ ಇಳಿಯಿತು. ಅಷ್ಟು ನಿಧಾನದಲ್ಲಿ ಚುಕ್ಕಾಣಿ ಇದೆಯೋ ಇಲ್ಲವೋ ಅನ್ನುವ ಹಾಗೆ ಇರುತ್ತದೆ. ಮೂತಿ ಒಂದು ಡಿಗ್ರಿ ಜಾರುವ ಮೊದಲೇ ಅಂಗಾಲಿಗೆ ಗೊತ್ತಾಗಬೇಕು. ನಾನು "ಜಾರುತ್ತಿದೆ ಸರ್" ಅನ್ನುವುದು, ಅವರು ಎಡಗಡೆ ಎಂಜಿನ್ನಿಗೆ ಒಂದು ದೂಡು ಕೊಡುವುದು, ಹೀಗೆ ಹದಿನೈದು ನಿಮಿಷ.

ದೋಣಿ ವಾಪಸ್ ಬಂದು ಕೊಕ್ಕೆಗಳ ಕೆಳಗೆ ನಿಂತಾಗ ಎತ್ತಲು ಸರಿಯಾದ ಗಳಿಗೆ ಬೇಕಿತ್ತು. ನಮ್ಮ ಅಪ್ಪ ತದಡಿಯಲ್ಲಿ ತಂಡೇಲರಾಗಿದ್ದರು. ಅಘನಾಶಿನಿಯ ಅಳಿವೆ ದಾಟುವಾಗ ದೋಣಿ ನಿಲ್ಲಿಸಿಕೊಂಡು ತೆರೆ ಎಣಿಸುತ್ತಿದ್ದರು. ದೊಡ್ಡ ತೆರೆಗಳು ಗುಂಪಾಗಿ ಬರುತ್ತವೆ, ಗುಂಪು ಹೋದ ಮೇಲೆ ಸ್ವಲ್ಪ ಹೊತ್ತು ಸಮುದ್ರ ತಣ್ಣಗಿರುತ್ತದೆ, ಆಗ ನುಗ್ಗಬೇಕು ಅನ್ನುತ್ತಿದ್ದರು. ಬ್ರಿಜ್, ಅಂದರೆ ಹಡಗು ನಡೆಸುವ ಕೋಣೆ, ಅದರ ಪಕ್ಕಕ್ಕೆ ಚಾಚಿದ ರೆಕ್ಕೆಯಲ್ಲಿ ನಿಂತ ಕ್ಯಾಪ್ಟನ್ನರೂ ಅದನ್ನೇ ಮಾಡುತ್ತಿದ್ದರು. ಬೆರಳು ಮಡಚಿ ಎಣಿಸುವುದು ನನಗೆ ಕಾಣುತ್ತಿತ್ತು. ಕೈ ಎತ್ತಿದರು. ದೋಣಿ ಒಂದೇ ಉಸಿರಿಗೆ ಮೇಲೆ ಬಂತು.

ಅವನನ್ನು ನೀಲ್ ರಾಬರ್ಟ್‌ಸನ್ ಸ್ಟ್ರೆಚರಿನಲ್ಲಿ ಕಟ್ಟಿ ತಂದಿದ್ದರು. ಕ್ಯಾನ್ವಾಸಿಗೆ ಸಣ್ಣ ಸಣ್ಣ ಪಟ್ಟಿಗಳನ್ನು ಉದ್ದಕ್ಕೆ ಹೊಲಿದ ಸ್ಟ್ರೆಚರು ಅದು. ಮನುಷ್ಯನನ್ನು ಚಾಪೆಯಲ್ಲಿ ಸುತ್ತಿದ ಹಾಗೆ ಸುತ್ತಿ ಬೆಲ್ಟು ಬಿಗಿದರೆ ಹಡಗಿನ ಎಷ್ಟೇ ಇಕ್ಕಟ್ಟಿನ ಏಣಿಯಲ್ಲೂ ನಿಲ್ಲಿಸಿಕೊಂಡೇ ಇಳಿಸಬಹುದು.

ಈಗ ಮುಂಬೈ ಕಡೆ ಓಡಬೇಕು ಅಂದುಕೊಂಡೆ. ಮುಂಬೈ ಈಶಾನ್ಯಕ್ಕೆ, ಉಬ್ಬು ಬರುವುದು ನೈರುತ್ಯದಿಂದ, ಅಂದರೆ ಬೆನ್ನ ಹಿಂದಿನಿಂದ. ಬೆನ್ನ ಹಿಂದಿನ ತೆರೆ ಹಡಗಿನ ಬಾಲ ಎತ್ತಿ ಪಕ್ಕಕ್ಕೆ ಎಸೆಯುತ್ತದೆ. ಚುಕ್ಕಾಣಿಯವನು ಎಷ್ಟು ಜಾಣನಾದರೂ ಹಡಗು ಹಾವಿನ ಹಾಗೆ ಹೋಗುತ್ತದೆ, ಜೊತೆಗೆ ಓಲಾಟ. ಕೆಳಗಿನಿಂದ ಒಬ್ಬ ಹುಡುಗ ಓಡಿಬಂದು, ರಕ್ತನಾಳ ಈಗಲೇ ಕಟ್ಟಬೇಕಂತೆ, ಅಲ್ಲಾಡಿಸಬೇಡಿ ಅನ್ನುತ್ತಿದ್ದಾರೆ ಅಂದ. ಕ್ಯಾಪ್ಟನ್ನರು ಹಡಗನ್ನು ತಿರುಗಿಸಿ ಉಬ್ಬಿಗೆ ಎದೆ ಕೊಟ್ಟು, ವೇಗ ಇಳಿಸಿದರು. ಓಲಾಟ ನಿಂತಿತು, ನಿಧಾನವಾದ ಏರಿಳಿತ ಮಾತ್ರ ಉಳಿಯಿತು, ನಡುಭಾಗದಲ್ಲಿ ಅದೂ ಕಡಿಮೆ. ಆದರೆ ಹಡಗು ಹೋಗುತ್ತಿದ್ದದ್ದು ಮುಂಬೈಯಿಂದ ದೂರಕ್ಕೆ, ನಡುಸಮುದ್ರಕ್ಕೆ. ರೋಗಿಯನ್ನು ಉಳಿಸಲು ಆಸ್ಪತ್ರೆಗೆ ಬೆನ್ನು ಹಾಕಿ ಹೋಗುವುದು ಅಂದರೆ ಏನು ಅಂತ ನನಗೆ ಅವತ್ತು ಗೊತ್ತಾಯಿತು.

ಹತ್ತು ನಿಮಿಷ ಆಗಿರಬಹುದು. ಬಲಗಡೆಯಿಂದ ಒಂದು ಸರಕು ಹಡಗು ನಮ್ಮ ದಾರಿಗೆ ಅಡ್ಡ ಬರುತ್ತಿತ್ತು. ಬಲಕ್ಕಿರುವ ಹಡಗಿಗೆ ದಾರಿ ಬಿಡಬೇಕಾದದ್ದು ನಾವು, ಅದು ಸಮುದ್ರದ ನಿಯಮ. ಆಜ್ಞೆ ಬಂತು, ನಾನು ಬಲಕ್ಕೆ ತಿರುಗಿಸಿದೆ. ಉಬ್ಬು ಪಕ್ಕೆಗೆ ಬಂದು ಹಡಗು ಒಮ್ಮೆ ಜೋರಾಗಿ ಓಲಿತು. ಕೆಳಗೆ ಡಾಕ್ಟರ ಕೈಯಲ್ಲಿ ಇಕ್ಕಳ ಇತ್ತು. ಉಪಕರಣಗಳ ಟ್ರೇ ನೆಲಕ್ಕೆ ಬಿತ್ತು, ಅರ್ಧ ಕಟ್ಟಿದ ನಾಳ ಬಿಟ್ಟುಹೋಯಿತು. ತಿರುಗುತ್ತಿದ್ದೇವೆ ಅಂತ ಅವರಿಗೆ ಹೇಳಿದವರೇ ಇಲ್ಲ! ಹೇಳಲು ಇದ್ದದ್ದು ಮೆಟ್ಟಿಲು ಹತ್ತಿ ಇಳಿಯುವ ಆ ಹುಡುಗ ಒಬ್ಬನೇ. ಇಪ್ಪತ್ತನಾಲ್ಕು ಗಂಟೆಯಲ್ಲಿ ಮಂಚ ಕಟ್ಟಿದೆವು, ಸಿಲಿಂಡರ್ ಕಟ್ಟಿದೆವು. ಬ್ರಿಜ್‌ಗೂ ಆಪರೇಷನ್ ಮೇಜಿಗೂ ಒಂದು ತಂತಿ ಎಳೆಯಬೇಕು ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಆ ವಿಷಯ ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಬಫರ್ ಐದು ನಿಮಿಷದಲ್ಲಿ ಫೋನಿನ ವ್ಯವಸ್ಥೆ ಮಾಡಿದರು. ಕರೆಂಟ್ ಬೇಡದ, ಮಾತಾಡುವವನ ದನಿಯ ಬಲದಿಂದಲೇ ಕೇಳಿಸುವ ಫೋನು ಹಡಗಿನಲ್ಲಿ ಇರುತ್ತದೆ, ಕರೆಂಟ್ ಹೋದಾಗ ಬಳಸಲಿಕ್ಕೆ. ಅದರದ್ದೊಂದು ತಂತಿಯನ್ನು ಮೆಟ್ಟಿಲ ಮೇಲಿಂದ ಇಳಿಬಿಟ್ಟರು. ಕೆಳಗಿನ ತುದಿ ಬಾಗಲಕೋಟೆಯ ಹುಡುಗನ ಕಿವಿಯಲ್ಲಿ, ಮೇಲಿನ ತುದಿ ನನ್ನ ತಲೆಗೆ ಕಟ್ಟಿದ ಹೆಡ್‌ಸೆಟ್ಟಿನಲ್ಲಿ.

"ಅಣ್ಣಾರ, ಈಗ ನಾಳ ಹಿಡದಾರ. ಅಲ್ಲಾಡಿಸಬ್ಯಾಡ್ರಿ."

ನಾನು ಕ್ಯಾಪ್ಟನ್ನರಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ಮುಂದೆ ದೊಡ್ಡ ತೆರೆಯ ಗುಂಪು ಕಂಡರೆ ಅವನಿಗೆ ಕನ್ನಡದಲ್ಲಿ, "ತಮ್ಮಾ, ದೊಡ್ಡದು ಬರುತ್ತಿದೆ, ಕೈ ತೆಗೆಯಲಿಕ್ಕೆ ಹೇಳು." ಆ ಕಡೆಯಿಂದ, "ತಗದಾರ್ರೀ." ಹಡಗು ಏಳುತ್ತಿತ್ತು, ಇಳಿಯುತ್ತಿತ್ತು. "ಹೋಯಿತು, ಈಗ ಹೊಲಿಯಲಿ." "ಹೊಲ್ಯಾಕತ್ತಾರ್ರೀ." ಸಲೈನ್ ಬಾಟಲಿ ಎಷ್ಟು ತೂಗುತ್ತಿದೆ ಅಂತ ಅವನನ್ನೇ ಕೇಳುತ್ತಿದ್ದೆ. ಕೆಳಗಿನ ದಾರ ಬಿಚ್ಚಿ ನೋಡಿ, "ಎರಡು ಬೆರಳು ಅಷ್ಟ ರೀ" ಅನ್ನುತ್ತಿದ್ದ. ಓಲಾಟ ಅಳೆಯುವ ಯಂತ್ರ ನನ್ನ ಕಣ್ಣೆದುರಿಗೇ ಇತ್ತು, ಆದರೆ ನನಗೆ ಆ ಎರಡು ಬೆರಳಿನ ಲೆಕ್ಕವೇ ಬೇಕಿತ್ತು. ಹಿಂದಿನ ತಪ್ಪು ಮಾಡಲಿಲ್ಲ. ಮೂತಿ ಜಾರಿದ ಮೇಲೆ ಎಳೆಯುವ ಬದಲು, ಜಾರುವ ಮೊದಲು ಅರ್ಧ ಸುತ್ತು ಕೊಟ್ಟು, ಹಿಡಿಯುತ್ತಿದ್ದ ಹಾಗೆಯೇ ವಾಪಸ್ ತರುವುದು. ನಲವತ್ತು ನಿಮಿಷ. ನನ್ನ ಪಾಳಿ ಮುಗಿದು ಬೇರೆಯವನು ಬಂದು ನಿಂತಿದ್ದ, ಕ್ಯಾಪ್ಟನ್ನರು ಅವನಿಗೆ ಕಾಯಲು ಹೇಳಿದರು.

"ಮುಗೀತ್ರೀ ಅಣ್ಣಾರ" ಅಂದಾಗ ನನ್ನ ಎರಡೂ ಮುಂಗೈ ಮರಗಟ್ಟಿದ್ದವು.

ಆಮೇಲೆ ಕೆಳಗೆ ಹೋಗಿ ನೋಡಿದೆ. ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗ. ಎರಡು ಬೆರಳು ಹೋಗಿದ್ದವು, ಕೈ ಉಳಿದಿತ್ತು. ಮೈಮೇಲೆ ಮೀನಿನ ವಾಸನೆ, ಡೆಟ್ಟಾಲ್ ವಾಸನೆ ಎರಡೂ ಇದ್ದವು. "ಬೋಟಿನವ್ರು ಮನೆಗೆ ಹೇಳಿದ್ರಾ?" ಅಂತ ಕೇಳಿದ. ಹೇಳಿದ್ದಾರೆ ಅಂದೆ. ಹೇಳಿದ್ದರೋ ಇಲ್ಲವೋ ನನಗೆ ಗೊತ್ತಿರಲಿಲ್ಲ, ಮೇಲೆ ಹೋಗಿ ರೇಡಿಯೋದಲ್ಲಿ ತಂಡೇಲನಿಗೆ ಹೇಳಿಸಿದೆ.

ಬೆಳಗಿನ ಆರೂವರೆಗೆ ಜೆಟ್ಟಿ. ಅಲ್ಲಿಯೂ ಒಂದು ತೊಡಕು. ಹುಣ್ಣಿಮೆಯ ಆಸುಪಾಸಿನಲ್ಲಿ ಮುಂಬೈಯಲ್ಲಿ ಬೆಳಿಗ್ಗೆ ಆರೇಳರ ಹೊತ್ತಿಗೆ ಪೂರ್ತಿ ಇಳಿತ ಇರುತ್ತದೆ, ಭರತಕ್ಕೂ ಇಳಿತಕ್ಕೂ ನಾಲ್ಕು ಮೀಟರಿಗಿಂತ ಹೆಚ್ಚು ವ್ಯತ್ಯಾಸ. ನಮ್ಮ ಡೆಕ್ಕಿಗಿಂತ ಜೆಟ್ಟಿ ಎಷ್ಟೋ ಎತ್ತರದಲ್ಲಿತ್ತು, ಹಲಗೆ ಹಾಕಿದರೆ ಏಣಿಯಷ್ಟು ಕಡಿದು. ಅಷ್ಟು ರಕ್ತ ಹೋದವನನ್ನು ಓರೆಯಾಗಿ ಹೊರುವುದು ಬೇಡ ಅಂದರು ಡಾಕ್ಟರು. ಸ್ಟ್ರೆಚರನ್ನು ಮಲಗಿಸಿದ ಹಾಗೆಯೇ ಕ್ರೇನಿನಿಂದ ಎತ್ತಿದರು, ಎರಡು ತುದಿಗೂ ಹಗ್ಗ ಕಟ್ಟಿ ಇಬ್ಬಿಬ್ಬರು ಹಿಡಿದರು. ಅಷ್ಟು ಹೊತ್ತು ಹಡಗು ಹಿಂದೆ ಮುಂದೆ ಒಂದು ಗೇಣೂ ಸರಿಯಬಾರದು ಅಂತ ಸ್ಪ್ರಿಂಗ್ ಹಗ್ಗಗಳನ್ನು ಬಿಗಿದು ನಿಂತೆವು. ಮೇಲೆ ಆಂಬುಲೆನ್ಸ್ ಕಾಯುತ್ತಿತ್ತು, ಕೊಲಾಬಾದ ಅಶ್ವಿನಿಗೆ ಹೋಯಿತು. ಅಶ್ವಿನಿ ನೆಲದ ಮೇಲಿರುವ ಆಸ್ಪತ್ರೆ, ಆದರೂ ನೌಕಾಪಡೆಯ ಲೆಕ್ಕದಲ್ಲಿ ಅದೂ ಹಡಗೇ. ಹೆಸರಿಗೆ ಮೊದಲು ಬರುವ ಐಎನ್‌ಎಚ್‌ಎಸ್‌ನ ಅರ್ಥವೇ ಭಾರತೀಯ ನೌಕಾ ಆಸ್ಪತ್ರೆ ಹಡಗು.

ಮುಂಬೈಗೂ ಆಸ್ಪತ್ರೆ ಹಡಗಿಗೂ ಇರುವ ನಂಟು ಹಳೆಯದು, ಇಲ್ಲಿನವರಿಗೇ ಅದು ಮರೆತುಹೋಗಿದೆ. ಪ್ರತಿ ವರ್ಷ ಏಪ್ರಿಲ್ 5ರಂದು ರಾಷ್ಟ್ರೀಯ ಕಡಲಯಾನ ದಿನ ಆಚರಿಸುತ್ತೇವೆ. 1919ರಲ್ಲಿ ಅದೇ ದಿನ ಸಿಂಧಿಯಾ ಕಂಪನಿಯ ಲಾಯಲ್ಟಿ ಹಡಗು ಮುಂಬೈಯಿಂದ ಲಂಡನ್ನಿಗೆ ಹೊರಟಿತು, ನಮ್ಮವರ ಒಡೆತನದ ಹಡಗು ಅಂತ. ಆ ಲಾಯಲ್ಟಿ ಅದಕ್ಕೂ ಮೊದಲು ಆಸ್ಪತ್ರೆ ಹಡಗಾಗಿತ್ತು. ಎಂಪ್ರೆಸ್ ಆಫ್ ಇಂಡಿಯಾ ಎಂಬ ಪ್ರಯಾಣಿಕರ ಹಡಗನ್ನು 1914ರ ಕೊನೆಯಲ್ಲಿ ಗ್ವಾಲಿಯರ್ ಮಹಾರಾಜರು ಕೊಂಡು, ಮೊದಲ ಮಹಾಯುದ್ಧದ ಗಾಯಾಳುಗಳಿಗೆ ಅಂತ ಕೊಟ್ಟದ್ದು. 1923ರಲ್ಲಿ ಇದೇ ಮುಂಬೈಯಲ್ಲಿ ಅದನ್ನು ಒಡೆದರು. ಏಪ್ರಿಲ್ 5ರ ಭಾಷಣಗಳಲ್ಲಿ ಲಂಡನ್ ಪ್ರಯಾಣ ಬರುತ್ತದೆ, ಗಾಯಾಳುಗಳು ಬರುವುದಿಲ್ಲ. ಅವರೂ ಬರಬೇಕು ಅಂತ ನನ್ನ ಆಸೆ.

ಹಿಂದಿರುಗಿದ ಮೇಲೆ ನಮ್ಮ ಹಡಗಿನಿಂದ ಹೋದ ವರದಿಯಲ್ಲಿ ಫೋನಿನ ವಿಷಯ ಮೊದಲನೆಯದಾಗಿ ಬರೆದರು ಅಂತ ಬಫರ್ ಹೇಳಿದರು. ಆ ತಂತಿಯನ್ನು ನಾವು ತೆಗೆಯಲೇ ಇಲ್ಲ. ಗೋಡೆಗುಂಟ ಕ್ಲಿಪ್ಪು ಹೊಡೆದು, ಕೆಂಪು ಬಣ್ಣ ಬಳಿದು ಅಲ್ಲೇ ಬಿಟ್ಟೆವು.

2013ರ ಆಗಸ್ಟಿನಲ್ಲಿ ಚೀನಾದ ಆಸ್ಪತ್ರೆ ಹಡಗು ಪೀಸ್ ಆರ್ಕ್ ಮುಂಬೈಗೆ ಬಂದಿತ್ತು. ನಾನು ಆಗಲೇ ನಿವೃತ್ತ. ಜಿನೀವಾ ಒಪ್ಪಂದದಲ್ಲಿ ಹೇಳಿದ ಹಾಗೆ ಪೂರ್ತಿ ಬಿಳಿ ಮೈ, ಮೇಲೆ ಕೆಂಪು ಶಿಲುಬೆ, 300 ಹಾಸಿಗೆ. ಆ ಒಪ್ಪಂದದ ಪ್ರಕಾರ ಯುದ್ಧಕಾಲದಲ್ಲಿ ಆಸ್ಪತ್ರೆ ಹಡಗನ್ನು ಕೆಲಸಕ್ಕೆ ಇಳಿಸುವ ಹತ್ತು ದಿನ ಮೊದಲೇ ಅದರ ಹೆಸರು, ಉದ್ದ, ಕೂವೆಕಂಬ ಎಷ್ಟು, ಹೊಗೆಕೊಳವೆ ಎಷ್ಟು ಅಂತ ಎದುರಾಳಿಗೂ ತಿಳಿಸಬೇಕು, ಗುಪ್ತ ಸಂಕೇತಗಳಲ್ಲಿ ಮಾತಾಡಬಾರದು, ಯಾವ ದೇಶದ ಗಾಯಾಳುವಾದರೂ ನೋಡಬೇಕು. ನಮ್ಮಲ್ಲಿ ಅಂಥ ಪ್ರತ್ಯೇಕ ಹಡಗು ಇಲ್ಲ, ಸರ್ವೆ ಹಡಗುಗಳೇ ಬೇಕಾದಾಗ ಆ ಕೆಲಸ ಮಾಡುತ್ತವೆ. ನನಗೆ ಅದು ಕೊರತೆ ಅನ್ನಿಸುವುದಿಲ್ಲ. ಸರ್ವೆ ಹಡಗಿನವರಿಗೆ ನಿಧಾನವಾಗಿ, ನೇರವಾಗಿ, ಗಂಟೆಗಟ್ಟಲೆ ಒಂದೇ ಗೆರೆಯ ಮೇಲೆ ಹಡಗು ಹಿಡಿಯುವ ಅಭ್ಯಾಸ ಇರುತ್ತದೆ. ಸರ್ವೆಗೆ ಬೇಕಾದದ್ದೂ ಅದೇ, ಡಾಕ್ಟರಿಗೆ ಬೇಕಾದದ್ದೂ ಅದೇ.

2024ರ ಫೆಬ್ರವರಿ 3ರಂದು ಸಂಧಾಯಕ್ ಎಂಬ ಹೊಸ ಸರ್ವೆ ಹಡಗು ವಿಶಾಖಪಟ್ಟಣದಲ್ಲಿ ಸೇವೆಗೆ ಸೇರಿತು. ನಮ್ಮ ಕಾಲದ ಸರ್ವೆ ಹಡಗುಗಳಿಗಿಂತ ಬಹಳ ದೊಡ್ಡದು, 110 ಮೀಟರ್, ತುರ್ತಿನಲ್ಲಿ ಆಸ್ಪತ್ರೆಯಾಗಬಲ್ಲದು. ಅಂಕೋಲೆ ಕಡೆಯ ಹುಡುಗನೊಬ್ಬ ನೌಕಾಪಡೆಯಲ್ಲಿದ್ದಾನೆ, ರಜೆಯಲ್ಲಿ ಊರಿಗೆ ಹೋಗುವಾಗ ಡೊಂಬಿವಲಿಯಲ್ಲಿ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಆ ಹಡಗನ್ನು ಹತ್ತಿರದಿಂದ ನೋಡಿದ್ದಾನಂತೆ. ಎಷ್ಟು ದೊಡ್ಡದು, ಎಷ್ಟು ಹೊಸದು ಅಂತ ಉತ್ಸಾಹದಿಂದ ಹೇಳುತ್ತಿದ್ದ. ನಾನು ತಡೆದು, "ಬ್ರಿಜ್‌ನಿಂದ ಆಪರೇಷನ್ ಕೋಣೆಗೆ ನೇರ ಫೋನ್ ಇದೆಯೇನೋ?" ಅಂತ ಕೇಳಿದೆ. ಕೈಯಲ್ಲಿದ್ದ ತುತ್ತು ಹಾಗೆಯೇ ಹಿಡಿದು ಯೋಚಿಸಿದ. "ಗೊತ್ತಿಲ್ಲ ಮಾವ, ಮುಂದಿನ ಸಲ ನೋಡ್ಕಂಡು ಬತ್ತೆ" ಅಂದ.